ಹಗ್ಗ ಹಿಡಿದು ಕಲಿತ ವಿಸ್ತೀರ್ಣ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅರಳಗುಪ್ಪೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದೆ. ತಿಪಟೂರಿನಲ್ಲಿ ಚಿಕ್ಕಮ್ಮನ ಮನೆ. ಅಲ್ಲಿಂದ ದಿನಾ ಬಸ್ಸು.

ಮೊದಲ ವರ್ಷ ಆರನೇ ತರಗತಿಗೆ ವಿಸ್ತೀರ್ಣದ ಪಾಠ ಮಾಡಿದೆ. ಉದ್ದ ಗುಣಿಸು ಅಗಲ ಎಂದು ಮಕ್ಕಳು ರಾಗವಾಗಿ ಹೇಳಿದರು, ಪರೀಕ್ಷೆಯಲ್ಲೂ ಬರೆದರು. ಆಮೇಲೊಂದು ದಿನ ಜಗಲಿಯ ಮೇಲೆ ಕೂತಿದ್ದ ಜಾಣ ಹುಡುಗನೊಬ್ಬನನ್ನು, "ಈ ಜಗಲಿ ವಿಸ್ತೀರ್ಣ ಎಷ್ಟಿರಬಹುದೋ?" ಎಂದು ಕೇಳಿದೆ. ಅವನು ಜಗಲಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಉದ್ದ ಎಷ್ಟು ಅಂತ ಎಲ್ಲೂ ಬರ್ದೇ ಇಲ್ವಲ್ಲ ಟೀಚರ್" ಎಂದ.

ನನಗೆ ನಗು ಬಂತು. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಾರನೇ ವರ್ಷ ಆ ಪಾಠ ಹತ್ತಿರ ಬಂದಾಗ ಟಿಪ್ಪಣಿಯನ್ನು ತಲೆಕೆಳಗು ಮಾಡಿ ಬರೆಯಲು ಕೂತೆ. ಪಾಠವೆಲ್ಲ ಮುಗಿದ ಮೇಲೆ ಮಕ್ಕಳು ಏನು ಮಾಡಬಲ್ಲವರಾಗಬೇಕು? ಆ ಕೊನೆಯ ಪರೀಕ್ಷೆಯನ್ನೇ ಮೊದಲು ಬರೆದೆ. ಅದಕ್ಕೆ ಮುಂಚೆ ಏನು ಬರಬೇಕು, ಅದಕ್ಕೂ ಮುಂಚೆ ಏನು ಎಂದು ಹಿಂದಕ್ಕೆ ಹಿಂದಕ್ಕೆ ಇಳಿದು ಬಂದೆ. ಪ್ರತಿ ಮೆಟ್ಟಿಲಿಗೂ ಒಂದು ಚಟುವಟಿಕೆ, ಅದರ ಕೊನೆಗೆ ಸ್ಲೇಟಿನ ಮೇಲೆ ಒಂದೇ ಪ್ರಶ್ನೆ. ಸ್ಲೇಟು ಎತ್ತಿ ತೋರಿಸಿದರೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಅಲ್ಲೇ ಗೊತ್ತಾಗಬೇಕು. ಬರೆಯುತ್ತ ಬರೆಯುತ್ತ ನನಗೇ ತಡೆಯಲಾರದಷ್ಟು ಹುರುಪು. ಚಿಕ್ಕಮ್ಮ, "ಊಟಕ್ಕೆ ಏಳೇ, ಅದೇನು ಓಡಿಹೋಗ್ತದಾ?" ಎಂದು ಗದರಿದರು.

ಮೊದಲ ದಿನ ಹಳೇ ಪೇಪರಿನಲ್ಲಿ ಅಡಿಗೆ ಅಡಿ ಚೌಕಗಳನ್ನು ಕತ್ತರಿಸಿ ತರಗತಿಯ ನೆಲಕ್ಕೆ ಹಾಸಿದೆವು. ಎಷ್ಟು ಚೌಕ ಹಿಡಿಯಿತೋ ಅದೇ ವಿಸ್ತೀರ್ಣ. ಸ್ಲೇಟುಗಳು ಎದ್ದವು, ಬಹುಪಾಲು ಸರಿಯಿದ್ದವು. ಎರಡನೇ ದಿನ ಸುತ್ತಳತೆ. ಮಕ್ಕಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ಹದಿನಾರು ಅಡಿಯ ನಾರಿನ ಹಗ್ಗ ಕೊಟ್ಟು, ಗೂಟ ಹೊಡೆದು ಅಂಗಳದಲ್ಲಿ ಒಂದು ಆಯತ ಕಟ್ಟಿ ಎಂದೆ. ಹಗ್ಗ ಒಂದೇ, ಸುತ್ತಳತೆಯೂ ಒಂದೇ. ಅಷ್ಟು ತಿಳಿದರೆ ಆ ದಿನಕ್ಕೆ ಸಾಕು ಎಂದು ನನ್ನ ಟಿಪ್ಪಣಿ ಹೇಳುತ್ತಿತ್ತು.

ಮಕ್ಕಳು ಅಲ್ಲಿಗೆ ನಿಲ್ಲಲಿಲ್ಲ. ಹಿಂದಿನ ದಿನದ ಚೌಕಗಳನ್ನು ತಾವಾಗಿಯೇ ತಂದು ಹಗ್ಗದೊಳಗೆ ಹಾಸತೊಡಗಿದರು. ಒಂದು ಗುಂಪಿಗೆ ಹದಿನಾರು ಹಿಡಿದವು. ಇನ್ನೊಂದು ಗುಂಪು ಉದ್ದಕ್ಕೆ ಕಟ್ಟಿತ್ತು, ಅವರಿಗೆ ಹನ್ನೆರಡೇ.

"ಲೇ, ನಿಮ್ ಹಗ್ಗ ಉದ್ದ ಐತೆ ಕಣ್ಲಾ!"

"ಇಲ್ಲ ಕಣ್ಲಾ, ಬೇಕಾರೆ ಬಿಚ್ಚಿ ನೋಡು!"

ಬಿಚ್ಚಿ, ಎರಡನ್ನೂ ಪಕ್ಕಪಕ್ಕ ಎಳೆದು ನೋಡಿದರು. ಕೂದಲಷ್ಟೂ ವ್ಯತ್ಯಾಸವಿಲ್ಲ. ಮರುಗಳಿಗೆ ಗದ್ದಲವೋ ಗದ್ದಲ. ಇದನ್ನು ನಾನು ಅವತ್ತಿಗೆ ಯೋಜಿಸಿರಲಿಲ್ಲ, ಆದರೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದ್ದೀತು?

ಗಲಾಟೆ ಕೇಳಿ ಹೆಡ್‌ಮಾಸ್ಟರು ಹೊರಗೆ ಬಂದರು. ಚಿಕ್ಕನಾಯಕನಹಳ್ಳಿ ಕಡೆಯವರು, ಶಿಸ್ತಿನ ಮನುಷ್ಯ. "ಏನಮ್ಮಾ ಇದು, ಪಾಠವೋ ಚಿಣ್ಣಿದಾಂಡೋ?" ಎಂದರು. ಹುಡುಗರು ಅವರನ್ನು ಮುತ್ತಿಕೊಂಡು ಸಂಗತಿ ಹೇಳಿದರು. ಅವರು ನಂಬಲಿಲ್ಲ. ಪಂಚೆ ಎತ್ತಿ ಕಟ್ಟಿ ತಾವೇ ಕುಕ್ಕರಗಾಲಲ್ಲಿ ಕೂತು ಹಗ್ಗವನ್ನು ಇನ್ನೂ ಸಪೂರವಾಗಿ ಕಟ್ಟಿಸಿದರು. ಈ ಸಲ ಏಳೇ ಚೌಕ. "ಅಲೆಲೆಲೆ!" ಎಂದು ಉದ್ಗರಿಸಿದರು. ಮೂರನೇ ದಿನಕ್ಕೆ ಬರೆದಿದ್ದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು, ಅವತ್ತೂ ಹಗ್ಗವನ್ನೇ ಮುಂದುವರಿಸಿದೆ.

ವಾರದ ಕೊನೆಗೆ ಪರೀಕ್ಷೆ. ಪ್ರಶ್ನೆ ಇದು: ಇಪ್ಪತ್ತನಾಲ್ಕು ಅಡಿ ಹಗ್ಗದಲ್ಲಿ ಸೊಪ್ಪಿನ ಮಡಿ ಗುರುತು ಮಾಡಬೇಕು, ಯಾವ ಆಕಾರ, ಯಾಕೆ? ಆರಡಿ ಚೌಕ, ಯಾಕೆಂದರೆ ಅದಕ್ಕೇ ಹೆಚ್ಚು ಜಾಗ ಎಂಬುದು ನಾನು ಬರೆದಿಟ್ಟುಕೊಂಡ ಉತ್ತರ. ಬಹಳ ಮಕ್ಕಳು ಹಾಗೇ ಬರೆದಿದ್ದರು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಮಾತ್ರ ಹತ್ತಡಿ ಉದ್ದ, ಎರಡಡಿ ಅಗಲ ಎಂದು ಬರೆದಿದ್ದಳು. ಮೂವತ್ತಾರರ ಬದಲು ಇಪ್ಪತ್ತು ಚದರಡಿಯೇ ಸಿಗುತ್ತದೆ ಎಂದೂ ಲೆಕ್ಕ ಹಾಕಿದ್ದಳು. ಕರೆದು ಕೇಳಿದೆ.

"ಚೌಕ ಮಾಡಿದ್ರೆ ನಡುಮಧ್ಯಕ್ಕೆ ಕೈ ಎಟಕಲ್ಲ ಟೀಚರ್. ಕಳೆ ಕೀಳಕ್ಕೆ ಸೊಪ್ಪು ತುಳ್ಕೊಂಡು ಹೋಗ್ಬೇಕಾಯ್ತದೆ."

ಎಷ್ಟು ಅಂಕ ಕೊಡಬೇಕು? ಪೇಪರು ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಬಹುತೇಕ ಓಡಿದೆ. ಅವರು ಎರಡು ಸಲ ಓದಿದರು.

"ಜಾಗ ಎಷ್ಟು ಕಮ್ಮಿಯಾಗ್ತದೆ ಅಂತ ಗೊತ್ತಿದ್ದೂ ಬ್ಯಾಡ ಅಂದವ್ಳೆ. ಗೊತ್ತಿಲ್ದೆ ಅಂದಿದ್ರೆ ತಪ್ಪು ಕಣಮ್ಮಾ. ಪೂರ್ತಿ ಹಾಕು."

ಪೂರ್ತಿ ಹಾಕಿದೆ. ಚೌಕ ಬರೆದು ಕಾರಣ ಸರಿಯಾಗಿ ಕೊಟ್ಟವರಿಗೂ ಪೂರ್ತಿಯೇ. ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಇರಬಹುದೆಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ಆ ಹುಡುಗಿಯತ್ತ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿದಳು, ಆದರೆ ನಗುತ್ತಿದ್ದಳು.

ಸಂಜೆ ಗೇಟಿನ ಬಳಿ ಹೆಡ್‌ಮಾಸ್ಟರು ತಡೆದು, "ಭಿನ್ನರಾಶಿಗೆ ಏನು ಮಾಡ್ತೀಯಮ್ಮಾ?" ಎಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತೋಟಗಳು ಹಿಂದಕ್ಕೆ ಓಡುತ್ತಿದ್ದವು. ನಾನು ಆಗಲೇ ಭಿನ್ನರಾಶಿಯ ಕೊನೆಯ ಪರೀಕ್ಷೆ ಏನಿರಬೇಕೆಂದು ಯೋಚಿಸುತ್ತಿದ್ದೆ.