ಕೋಟಿನ ಗುಂಡಿ, ಕಂಪ್ಯೂಟರಿನ ಡಬ್ಬಿ

ಬೆಳಗಿನ ಐದೂವರೆ. ಹೊಲಿಗೆ ಮೆಷಿನ್ನಿನ ಮೇಲಿನ ದೀಪವೊಂದೇ ಉರಿಯುತ್ತಿದೆ. ಟೈಲರಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಹಳೆಯ ಸೂಟ್‌ಕೇಸಿನ ಮುಂದೆ ಮಂಡಿಯೂರಿ ಕುಳಿತಿದ್ದಾರೆ. ಸೂಟ್‌ಕೇಸಿನಲ್ಲಿ ಬಟ್ಟೆಯಿಲ್ಲ, ಕಂಪ್ಯೂಟರ್ ಇದೆ. ನಿನ್ನೆ ಮಧ್ಯಾಹ್ನ ಅದು ಎರಡು ಸಲ ಕೈಕೊಟ್ಟಿದೆ. ಇವತ್ತೂ ಕೈಕೊಟ್ಟರೆ ಆರು ತಿಂಗಳ ದುಡಿಮೆ ನೀರುಪಾಲು.

"ಉಸಿರು ಕಟ್ತಾ ಇದೆ ಇದಕ್ಕೆ. ಬಿಸಿಗಾಳಿ ಮೇಲಕ್ಕೆ ಹೋಗೋದು. ನಾನು ದಾರಿ ಬಿಟ್ಟಿರೋದು ಕೆಳಗೆ. ಗೊತ್ತಿದ್ದೂ ಮಾಡಿದ ತಪ್ಪು ಇದು."

ಗೊತ್ತಿದ್ದೂ ಯಾಕೆ ಮಾಡಿದಿರಿ ಎಂದರೆ ಒಳಕೋಣೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ. ಅಲ್ಲಿ ಯಜಮಾನರು ಮಲಗಿದ್ದಾರೆ. ಬಸ್ ಡ್ರೈವರಾಗಿ ನಿವೃತ್ತರಾದವರು. ಮೊದಲ ಸಂಬಳದಲ್ಲಿ ಕೊಂಡ ಸೂಟ್‌ಕೇಸನ್ನು ಹೆಂಡತಿಗೆ ಕೊಡುವಾಗ ಅವರು ಹಾಕಿದ್ದು ಒಂದೇ ಷರತ್ತು: ಮುಚ್ಚಳಕ್ಕೆ ಕೈ ಹಚ್ಚಬಾರದು.

ಟೈಲರಮ್ಮನಿಗೆ ಈಗ ಐವತ್ತಮೂರು. ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಗೆ ಕಾಲರ್ ಹೊಲಿದವರು. ಕಾರ್ಖಾನೆ ಮುಚ್ಚಿದ ಮೇಲೆ ಕೆಲಸ ಕೇಳಿಕೊಂಡು ಮೂರು ಕಡೆ ಹೋದರು.

"ಮೂರೂ ಕಡೆ ಒಂದೇ ಪ್ರಶ್ನೆ, 'ಕಂಪ್ಯೂಟರ್ ಬರುತ್ತಾ?' ಬರಲ್ಲ ಅಂದೆ. ಬಾಗಿಲು ಆ ಕಡೆ ಇದೆ ಅಂದ್ರು."

ಜೊತೆಗೆ ಹೊಲಿಯುತ್ತಿದ್ದ ಹನ್ನೊಂದು ಹೆಂಗಸರಿಗೂ ಅದೇ ಗತಿ. ಟೈಲರಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ತೆರೆದರು. ಹೊಟ್ಟೆಪಾಡು ನಡೆಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಒಂದು ದಿನ ಬೀದಿ ಕೊನೆಯ ಗುಜರಿಯವನು ಕಂಪ್ಯೂಟರುಗಳ ಕಬ್ಬಿಣದ ಡಬ್ಬಿಗಳನ್ನಷ್ಟೇ ಬಿಚ್ಚಿಕೊಂಡು ಒಳಗಿನ ಸಾಮಾನನ್ನು ಮೂಲೆಗೆ ರಾಶಿ ಹಾಕಿದ್ದು ಕಣ್ಣಿಗೆ ಬಿತ್ತು. 'ಎಲ್ಲ ಚೆನ್ನಾಗೇ ಇದೆ ಅಕ್ಕಾ, ಮೈಮೇಲೆ ಬಟ್ಟೆ ಇಲ್ಲ ಅಷ್ಟೆ' ಎಂದು ಅವನು ತಮಾಷೆ ಮಾಡಿದ.

"ಬಟ್ಟೆ ಇಲ್ಲ ಅಂದ್ಮೇಲೆ ಅದು ನನ್ನ ಕೆಲಸ ತಾನೆ?" ಎನ್ನುತ್ತಾರೆ ಟೈಲರಮ್ಮ.

ಮೊದಲನೆಯದಕ್ಕೆ ಬ್ರೆಡ್ ಇಡುವ ತಗಡಿನ ಡಬ್ಬಿ ತೆಗೆದುಕೊಂಡರು. ತಗಡು ಒತ್ತೀತು ಎಂದು ಕೋಟಿಗೆ ಅಸ್ತರಿ ಕೊಟ್ಟ ಹಾಗೆ ಒಳಗೆಲ್ಲ ಹತ್ತಿ ತುಂಬಿ ಹೊಲಿದರು. ಮುಕ್ಕಾಲು ಗಂಟೆಯಲ್ಲಿ ಮನೆ ತುಂಬ ಸುಟ್ಟ ವಾಸನೆ. ಟೈಲರ್ ಅಲ್ಲದೆ ಬೇರೆ ಯಾರೂ ಅಂಥ ತಪ್ಪು ಮಾಡಲಾರರು ಎಂದು ಅವರೇ ನಗುತ್ತಾರೆ. ಆವತ್ತಿನಿಂದ ಅಸ್ತರಿ ಬಂದ್. ಈಗ ಮದರ್‌ಬೋರ್ಡಿನ ಅಡಿಗೆ ಕೋಟಿನ ಗುಂಡಿಗಳನ್ನು ಒಂದರ ಮೇಲೊಂದು ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಬೋರ್ಡು ತಗಡಿಗೆ ತಾಗುವುದಿಲ್ಲ, ಕೆಳಗೂ ಗಾಳಿಯಾಡುತ್ತದೆ. ಒಂದು ಡಬ್ಬಿಗೆ ಹದಿನೆಂಟು ಗುಂಡಿ, ಐದು ವಾರ. ಬ್ರೆಡ್ ಡಬ್ಬಿಯಾದ ಮೇಲೆ ತಟ್ಟೆ ಒಣಗಿಸುವ ಸ್ಟ್ಯಾಂಡು, ಮೇಜಿನ ಡ್ರಾಯರು, ಬಟ್ಟೆ ಬುಟ್ಟಿ ಒಂದೊಂದಾಗಿ ಮನೆಯಿಂದ ಮಾಯವಾದವು.

ಸೂಟ್‌ಕೇಸೂ ಸೇರಿ ಈ ಐದೂ ಬಡಾವಣೆಯ ವಾಚನಾಲಯದ ಮೂಲೆ ಸೇರಬೇಕು. ಆ ಹನ್ನೊಂದು ಹೆಂಗಸರು ಅಲ್ಲಿ ಕೂತು ಕಲಿಯಬೇಕು ಎನ್ನುವುದು ಟೈಲರಮ್ಮನ ಆಸೆ. ಗ್ರಂಥಪಾಲಕರು ಮಾತ್ರ ಖಡಾಖಂಡಿತವಾಗಿ ಹೇಳಿದ್ದಾರೆ: ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ಐದೂ ನಿಲ್ಲದೆ ಓಡಬೇಕು, ಇಲ್ಲದಿದ್ದರೆ ಆ ಮೂಲೆ ಹಳೇ ಪತ್ರಿಕೆಗಳಿಗೆ. ಪರೀಕ್ಷೆ ಇವತ್ತೇ.

ಒಳಕೋಣೆಯ ಬಾಗಿಲು ಕಿರ್ರೆನ್ನುತ್ತದೆ. ಯಜಮಾನರ ಕೈಯಲ್ಲಿ ಗರಗಸ.

"ನಿಮಗೆ ನಿದ್ದೆ ಬರ್ಲಿಲ್ವೇನ್ರೀ?"

"ನೀನು ರಾತ್ರಿಯೆಲ್ಲ ನಿಟ್ಟುಸಿರು ಬಿಡ್ತಿದ್ರೆ ಯಾವ ನಿದ್ದೆ? ಜೀವಮಾನವೆಲ್ಲ ಬಸ್ ಓಡಿಸಿದೋನು ಕಣೇ ನಾನು. ಇಂಜಿನ್ ಕಾದ್ರೆ ಬಾನೆಟ್ ಎತ್ಬೇಕು ಅನ್ನೋದು ನಂಗೊತ್ತಿಲ್ವಾ? ಕೊಯ್ಯಿ."

ಟೈಲರಮ್ಮ ಸೀಮೆಸುಣ್ಣದಿಂದ ಮುಚ್ಚಳದ ಮೇಲೆ ಗುಂಡಗೆ ಗೆರೆ ಎಳೆಯುತ್ತಾರೆ. ಯಜಮಾನರು ಸೂಟ್‌ಕೇಸನ್ನು ಎರಡೂ ಕೈಯಿಂದ ಅದುಮಿ ಹಿಡಿದು ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ.

ವಾಚನಾಲಯದಲ್ಲಿ ಮಧ್ಯಾಹ್ನ ಕಳೆಯುತ್ತದೆ. ಮೂರಾಗುತ್ತದೆ, ಐದಾಗುತ್ತದೆ. ಟೈಲರಮ್ಮ ನೀರು ಕುಡಿಯಲೂ ಎದ್ದಿಲ್ಲ. ಆರಕ್ಕೆ, ಬಾಗಿಲು ಮುಚ್ಚುವ ಹೊತ್ತಿಗೆ, ಗ್ರಂಥಪಾಲಕರು ಬಂದು ಡಬ್ಬಿಗಳ ಮೇಲೆಲ್ಲ ಕೈಯಿಟ್ಟು ನೋಡುತ್ತಾರೆ. ಸೂಟ್‌ಕೇಸಿನ ಮೇಲೆ ಕೈ ಹೆಚ್ಚು ಹೊತ್ತು ನಿಲ್ಲುತ್ತದೆ. ತೂತಿನಿಂದ ಬೆಚ್ಚನೆಯ ಗಾಳಿ ಬರುತ್ತಿದೆ, ಪರದೆ ಬೆಳಗುತ್ತಲೇ ಇದೆ.

"ಮೂಲೆ ನಿಮ್ದೇ ಅಮ್ಮ. ನಾಳೆ ಅವರನ್ನೆಲ್ಲ ಕರ್ಕೊಂಡು ಬನ್ನಿ."

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಸಂತೋಷಕ್ಕೆ ಅಳುವುದನ್ನು ಅವರು ಮುಚ್ಚಿಡುವುದಿಲ್ಲ. ಮುಂದೇನು ಎಂದು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇದೆ.

"ಹನ್ನೊಂದು ಜನ ಅಲ್ಲ, ಹನ್ನೆರಡು. ನಾನೂ ಕಲೀತೀನಿ. ಇಷ್ಟೆಲ್ಲ ಮಾಡಿದೀನಲ್ಲ, ನನಗಿನ್ನೂ ಅದರಲ್ಲಿ ಒಂದಕ್ಷರ ಹೊಡೆಯೋಕೆ ಬರಲ್ಲ. ಕಲಿತಾದ್ಮೇಲೆ ಆ ಮೂರೂ ಕಡೆ ಹೋಗ್ತೀನಿ. ಕೆಲಸಕ್ಕಲ್ಲ, ಅಂಗಡಿ ಇದೆ ನಂಗೆ. ಅವರು ಆ ಪ್ರಶ್ನೆ ಇನ್ನೊಂದ್ಸಲ ಕೇಳ್ಬೇಕು, ಅಷ್ಟೇ."