ಅಪ್ಪನ ತಲೆಗೆ ನೀಲಿ ಸೊಪ್ಪು

ಅಪ್ಪನ ತಲೆಗೆ ಬಣ್ಣ ಹಚ್ಚಿದ್ದು ಒಂದು ಮಂಗಳವಾರ ಎಂದು ಬಹಳ ಕಾಲ ನಂಬಿದ್ದೆ. ಮಂಗಳವಾರ ನಮ್ಮ ಮನೆಯಲ್ಲಿ ಯಾರೂ ತಲೆಗೂದಲ ತಂಟೆಗೇ ಹೋಗುತ್ತಿರಲಿಲ್ಲ. ಹಾಗಾಗಿ ಅದು ಮಂಗಳವಾರವಾಗಿರಲು ಸಾಧ್ಯವೇ ಇಲ್ಲ. ನನ್ನ ನೆನಪಿನ ಯೋಗ್ಯತೆ ಇಷ್ಟು. ಆದರೆ ಬಣ್ಣ ಹಚ್ಚಿದ್ದು ನಿಜ. ಹಚ್ಚಿದವನು ನಾನೇ.

ಅಪ್ಪ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ಸರ್ಕಾರದ ಅಮೃತಮಹಲ್ ದನ ಕಾಯುತ್ತಿದ್ದ. ಮಹಾರಾಜರ ದನ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಮಹಾರಾಜರು ಅವನ್ನು ನೋಡಲು ಬಂದದ್ದನ್ನು ನಾನು ಕಾಣೆ. ದನಗಳೂ ಅವರನ್ನು ಕೇಳಿದ ಹಾಗಿರಲಿಲ್ಲ.

ಆ ವರ್ಷ ಒಂದು ಹುಕುಂ ಬಂತು. ಮುದುಕರಾದ ಕಾವಲುಗಾರರನ್ನು ಬಿಡಿಸಿ, ಅದೇ ಮನೆಯ ಹರೆಯದ ಗಂಡಸಿನ ಹೆಸರು ಬರೆದುಕೊಳ್ಳಬೇಕು. ನಮ್ಮ ಮನೆಯಲ್ಲಿ ಹರೆಯದ ಗಂಡಸೆಂದರೆ ನಾನು. ನನಗೆ ಇಪ್ಪತ್ತು ದಾಟಿತ್ತು. ತರೀಕೆರೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಕೆಲಸಕ್ಕೆ ಮಾತಾಗಿತ್ತು. ಅಲ್ಲಿ ಒಂದು ಸರಳನ್ನು ಎಳೆದರೆ ಇಡೀ ರೈಲು ದಾರಿ ಬದಲಿಸುತ್ತದೆ. ಅಪ್ಪನ ದನಗಳು ಬಾಲ ತಿರುಚಿದರೂ ಬದಲಿಸುವುದಿಲ್ಲ. ಅಪ್ಪನಿಗೆ ಕಾವಲು ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ನನಗೆ ಕಾವಲು ಅಂಟಿಕೊಂಡರೆ ಬದುಕೇ ಮುಗಿಯುತ್ತಿತ್ತು. ಹೀಗಾಗಿ ಅಪ್ಪನ ತಲೆ ಕಪ್ಪಾಗಲಿ ಎಂದು ಅಪ್ಪನಿಗಿಂತ ಹೆಚ್ಚು ಆಸೆಪಟ್ಟವನು ನಾನು. ಊರಿನವರು ಇದನ್ನು ಪಿತೃಭಕ್ತಿ ಎಂದರು. ನಾನು ತಿದ್ದಲು ಹೋಗಲಿಲ್ಲ.

ಅಪ್ಪನ ವಯಸ್ಸು ಯಾವ ದಫ್ತರದಲ್ಲೂ ಇರಲಿಲ್ಲ. ತಪಾಸಣೆಗೆ ಬರುವ ದನದ ಇಲಾಖೆಯ ದರೋಗರು ದನಗಳ ಹಲ್ಲು ಎಣಿಸುವವರು, ಕಾವಲುಗಾರರ ರುಮಾಲು ಬಿಚ್ಚಿಸಿ ತಲೆ ನೋಡುವವರು. ಅಪ್ಪನ ತಲೆಯೋ, ಸುಲಿದ ಬೆಳ್ಳುಳ್ಳಿ.

ಮೊದಲ ಪ್ರಯೋಗ ಅವ್ವನದು. ಗೋರಂಟಿ ಸೊಪ್ಪನ್ನೂ ಒಣಗಿದ ನೆಲ್ಲಿಚೆಟ್ಟನ್ನೂ ಅರೆದು, ಕಬ್ಬಿಣದ ಬಾಣಲೆಯಲ್ಲಿ ಒಂದು ದಿನ ಬಿಟ್ಟಳು. ಅರೆದದ್ದು ಕಪ್ಪಾಯಿತು. ಬಾಣಲೆ ಮೊದಲೇ ಕಪ್ಪಗಿತ್ತು. ಅವ್ವನ ಉಗುರೂ ಕಪ್ಪಾಯಿತು. ಅಪ್ಪನ ತಲೆ ಮಾತ್ರ, ಸೀಗೆಪುಡಿ ಹಾಕಿ ತೊಳೆದಾಗ, ಕೆಂಪಗೆ ಹೊಳೆಯಿತು.

"ಹೆಂಗದೆ?" ಎಂದ ಅಪ್ಪ.

"ಕೆಂದಾಳಿ ಎಳನೀರು ಇದ್ದಂಗದೆ," ಎಂದಳು ಅವ್ವ. "ಯಗಟಿ ತೆಂಗಿನ ತ್ವಾಟದ ಕಡೆಗೆ ಹೋಗ್ಬ್ಯಾಡಿ, ಕೆತ್ತಿ ಕುಡ್ದ್‌ಬಿಟ್ಟಾರು."

ನಾನು ಕಡೂರಿನ ಗ್ರಂದಿಗೆ ಅಂಗಡಿಗೆ ಓಡಿದೆ. ಬೇರು ನಾರು ಮಾರುವ ಆ ಅಂಗಡಿಯವನು ಎಲ್ಲವನ್ನೂ ಕೇಳಿಸಿಕೊಂಡು, ನೀಲಿ ಸೊಪ್ಪಿನ ಪುಡಿ ಕಟ್ಟಿಕೊಟ್ಟ.

"ಕೆಂಪಿನ ಮ್ಯಾಲೆ ಇದು ಬಿದ್ರೇನೇ ಕಪ್ಪಾಗೋದು ಕಣಪ್ಪಾ. ಬೆಚ್ಚಗಿನ ನೀರಲ್ಲಿ ಕಲ್ಸಿ ಆಗಿಂದಾಗ್ಲೇ ಬಳೀಬೇಕು. ಆಮ್ಯಾಕೆ ಎಲ್ಡು ದಿನ ಬಿಡು, ಬಣ್ಣ ತಾನಾಗೇ ತಿರುಗ್ತದೆ."

ದರೋಗರು ಬರುವುದು ಮಾರನೆಯ ಬೆಳಿಗ್ಗೆ. ಎರಡು ದಿನ ಎಂಬ ಮಾತನ್ನು ನಾನು ಅಂಗಡಿಯಲ್ಲೇ ಬಿಟ್ಟು ಬಂದೆ.

ಮಧ್ಯಾಹ್ನ ಅಪ್ಪನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ಬಳಿದೆ. ಕೆರೆಯಲ್ಲಿ ಕೊಳೆಯಲು ಹಾಕಿದ ಪುಂಡಿನಾರಿನ ನಾತ ಎದ್ದಿತು. ಮೇಲೆ ಹರಳೆಲೆ ಕಟ್ಟಿದೆವು. ಸಂಜೆ ತೊಳೆದಾಗ ತಲೆ ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣಕ್ಕೆ ಬಂದಿತ್ತು. ನನ್ನ ಕೈ ಮೊಣಕೈವರೆಗೆ ನೀಲಿ.

"ಹೋಗ್ಲಿ ಬುಡ್ಲಾ," ಎಂದಳು ಅವ್ವ. "ಮುದುಕ ಅಂತೂ ಅನ್ನಲ್ಲ. ನವಿಲು ಅಂತಾರೆ."

ಬೆಳಿಗ್ಗೆ ಅಪ್ಪ ಹಬ್ಬದ ಅಂಗಿ ತೊಟ್ಟ. ಮಳೆಯಲ್ಲಿ ಬಿಸಿಲಲ್ಲಿ ವರ್ಷಗಟ್ಟಲೆ ಹೊದ್ದು, ದನದ ವಾಸನೆಯೇ ತಾನಾಗಿದ್ದ ಹಳೆಯ ಕಂಬಳಿಯನ್ನು ತೆಗೆದು ನನ್ನ ಹೆಗಲಿಗೆ ಎಸೆದ. ಅಥವಾ ನಾನೇ ಎತ್ತಿಕೊಂಡೆ. ನೀಲಿ ಕೈ ಮುಚ್ಚಿಕೊಳ್ಳಲು ಅದು ಬೇಕಿತ್ತು. ಇಲ್ಲಿ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆ ಕಾರಣಕ್ಕೇ ಅದನ್ನು ನಾನು ನಂಬುವುದಿಲ್ಲ.

ದರೋಗರು ರುಮಾಲು ಬಿಚ್ಚಿಸಿದರು. ಅಪ್ಪನ ತಲೆಯನ್ನು ಒಂದು ಸುತ್ತು ಬಂದು ನೋಡಿದರು.

"ವಯಸ್ಸೆಷ್ಟಯ್ಯಾ?"

"ನಲವತ್ತು, ಬುದ್ಧಿ."

"ಈ ನಿನ್ನ ಮಗನಿಗೆ?"

"ಹದಿನಾರು, ಬುದ್ಧಿ."

ನನ್ನ ಮೀಸೆಯ ಮೇಲೆ ದರೋಗರ ಕಣ್ಣು ನಿಂತಿತು. ಆಮೇಲೆ ಕಂಬಳಿಯ ಅಂಚಿನಿಂದ ಇಣುಕುತ್ತಿದ್ದ ಬೆರಳುಗಳ ಮೇಲೆ.

"ಇದೇನೋ ಕೈ ಹೀಗಿದೆ?"

"ನೇರಳೆಹಣ್ಣು ತಿಂದವ್ನೆ, ಬುದ್ಧಿ," ಎಂದ ಅಪ್ಪ.

ದರೋಗರು ಕಂಬಳಿ ಸರಿಸಿದರು. "ಮೊಣಕೈಲಿ ತಿಂದನೇನಯ್ಯಾ?"

ಸುತ್ತ ನಿಂತವರೆಲ್ಲ ನಕ್ಕರು. ದರೋಗರೂ ನಕ್ಕರು. ಅಲ್ಲಿಗೇ ಬಿಟ್ಟಾರು ಎನಿಸಿತು. ಆದರೆ ಅವರು ಹುಲ್ಲುಗಾವಲಿನ ಕಡೆ ಕೋಲು ತೋರಿಸಿ, "ಸರಿ, ತಲೆ ಏನಾದರೂ ಆಗಿರಲಿ. ಹಿಂಡಿನ ಹಿರಿಹಸುವನ್ನು ಕರಿ. ಬಂದರೆ ಕೆಲಸ ನಿನ್ನದೇ," ಎಂದರು.

ಅಪ್ಪನ ಮುಖ ಅರಳಿತು. ಅಮೃತಮಹಲ್ ದನ ಪರಕೀಯರನ್ನು ಹತ್ತಿರ ಬಿಡುವುದಿಲ್ಲ. ಆದರೆ ಈ ಹಸುವನ್ನು ಅದರ ತಾಯಿಯ ಹೊಟ್ಟೆಯಿಂದ ಎಳೆದು ತೆಗೆದವನೇ ಅಪ್ಪ.

"ಬಾ ನನ್ನವ್ವಾ," ಎಂದು ಕೂಗಿದ.

ಅದು ದನಿ ಕೇಳಿ ಓಡಿ ಬಂತು. ಹತ್ತು ಹೆಜ್ಜೆ ದೂರದಲ್ಲಿ ನಿಂತು ಮೂಗು ಅರಳಿಸಿತು. ಭುಸ್ ಎಂದು ಬಾಲ ಎತ್ತಿ ಹಿಂದಕ್ಕೆ ಹಾರಿತು. ಅಪ್ಪ ಮತ್ತೆ ಕರೆದ. ಹಸು ಅವನನ್ನು ದೂರದಿಂದಲೇ ಬಳಸಿ, ನೇರ ನನ್ನ ಹತ್ತಿರ ಬಂದು ಕಂಬಳಿಯೊಳಗೆ ಮೂತಿ ತೂರಿಸಿತು. ಅದರ ಹಿಂದೆ ಇಡೀ ಹಿಂಡು ಬಂದು ನನ್ನನ್ನು ಸುತ್ತುವರಿಯಿತು ಎಂದು ಹಿಂದೆ ಕೆಲವು ಸಲ ಹೇಳಿದ್ದೇನೆ. ಬಂದದ್ದು ಬಹುಶಃ ಎರಡು ಹಸು, ಒಂದು ಕರು. ಅಷ್ಟೇ ಸಾಕಾಯಿತು. ದರೋಗರು ನನ್ನ ಹೆಸರು ಬರೆದುಕೊಂಡರು.

ಅಪ್ಪ ನನ್ನತ್ತ ನೋಡಲಿಲ್ಲ. ಹಸುವನ್ನೇ ನೋಡುತ್ತಿದ್ದ. "ನೀನೂವೇ ಏನವ್ವಾ?" ಎಂದ, ಮೆಲ್ಲಗೆ.

ಮಾರನೆಯ ದಿನ ಅಪ್ಪನ ತಲೆ ಕಪ್ಪಾಯಿತು. ಅದರ ಮರುದಿನ ಎಂಥ ಕಪ್ಪು ಎಂದರೆ, ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು.

"ಈಗ ಕರ್ಕಂಡೋಗಿ ತೋರ್ಸ್ಲಾ ನಿನ್ ದರೋಗಂಗೆ. ಕೆಲ್ಸ ಕೊಡ್ದಿದ್ರೆ ಹೆಣ್ಣಾದ್ರೂ ಕೊಟ್ಟಾನು."

ಅಪ್ಪ ನಗಲಿಲ್ಲ. ಕೆಲವು ದಿನ ಮನೆಯಿಂದ ಹೊರಗೇ ಹೋಗಲಿಲ್ಲ. ಕಾವಲಿನಲ್ಲಿ ನಾನು ಎಡಕ್ಕೆ ಎಂದರೆ ದನಗಳು ಬಲಕ್ಕೆ ಹೋದವು. ಕಂಬಳಿ ಕೆಳಗಿಟ್ಟರಂತೂ ನನ್ನನ್ನು ಕಂಡು ಕೊಂಬು ಬಗ್ಗಿಸಿದವು. ಒಂದು ದಿನ ಮಧ್ಯಾಹ್ನ ಅಪ್ಪ ದಿಣ್ಣೆ ಹತ್ತಿ ಬಂದ. ನನ್ನ ಹೆಗಲಿನಿಂದ ಕಂಬಳಿ ಎಳೆದುಕೊಂಡು ಹೊದ್ದು, ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತ. ಹಿರಿಹಸು ಬಂತು. ಕಂಬಳಿ ಮೂಸಿತು, ಕುತ್ತಿಗೆ ಮೂಸಿತು, ತಲೆಯ ಹತ್ತಿರ ತಡೆದು ನಿಂತಿತು. ಆಮೇಲೆ ಗರಗಸದಂಥ ನಾಲಿಗೆಯಿಂದ ಅಪ್ಪನ ತಲೆಯನ್ನು ನೆಕ್ಕತೊಡಗಿತು, ಕರುವಿನ ಮೈ ನೆಕ್ಕುವ ಹಾಗೆ.

ನೆಕ್ಕಿ ನೆಕ್ಕಿ ಅದರ ಮೂತಿಗೆಲ್ಲ ಬಣ್ಣ ಹತ್ತಿತ್ತು ಎಂದು ನನಗೆ ನೆನಪು. ಆ ತಳಿಯ ಮೂತಿ ಹುಟ್ಟಿನಿಂದಲೇ ಕಪ್ಪು. ಹಾಗಾಗಿ ಅದನ್ನೂ ಖಚಿತವಾಗಿ ಹೇಳಲಾರೆ.

"ಲೇ ಸರ್ಕಾರಿ ನೌಕರ," ಎಂದ ಅಪ್ಪ, ಹಸುವಿನ ಗಂಗೆದೊಗಲಿನ ಕೆಳಗಿನಿಂದ. "ಕಿಸ್ಕಂಡು ನಿಂತ್ಕಬ್ಯಾಡ. ಉಳಿದ ದನಾವ ನೀರಿಗೆ ಕಟ್ಟೆ ಕಡೆ ಹೊಡಿ."

ನಾನು ಎಡಕ್ಕೆ ಹೊಡೆದೆ. ಅವು ಬಲಕ್ಕೆ ಹೋದವು.