ಪೊಟ್ಟಣದ ಮೇಲಿನ ಮಗಳು

ಚಾಮರಾಜಪೇಟೆಯ ಟ್ರೇಡ್‌ಮಾರ್ಕ್ ವಕೀಲರೊಬ್ಬರ ಹತ್ತಿರ ನಾನು ಗುಮಾಸ್ತನಾಗಿದ್ದಾಗಿನ ಮಾತು. ಶಂಕರಪುರಂನಲ್ಲಿ ಊದುಬತ್ತಿ ಮಾಡುತ್ತಿದ್ದ ವೆಂಕಟಪ್ಪನವರು ತಮ್ಮ ಮಾರ್ಕನ್ನು ಸಿಂಗಾಪುರದಲ್ಲೂ ನೋಂದಾಯಿಸಬೇಕೆಂದು ಬಂದಿದ್ದರು. ಪೊಟ್ಟಣದ ಮೇಲೆ ಅವರ ಮಗಳ ಹೆಸರು, ಎರಡು ಜಡೆ ಹಾಕಿಕೊಂಡ ಅವಳ ಫೋಟೊ.

"ಫೋಟೊದಲ್ಲಿರೋರ ಒಪ್ಪಿಗೆ ಬೇಕು ಸಾರ್. ಮಗಳ ಕೈಲಿ ಒಂದು ಸಹಿ ಹಾಕಿಸ್ಕೊಂಡು ಬನ್ನಿ," ಎಂದೆ.

"ಅವಳು ಹೋಗಿ ಆರು ವರ್ಷ ಆಯ್ತಪ್ಪ. ಕಾಮಾಲೆ," ಎಂದರು. ಒಪ್ಪಿಗೆಯ ಜಾಗದಲ್ಲಿ ತಂದೆಯೆಂದು ಅವರದೇ ಸಹಿ ಹಾಕಿಸಿಕೊಂಡು ಅರ್ಜಿ ಕಳಿಸಿದೆ.

ಕೆಲವು ತಿಂಗಳ ಮೇಲೆ ಸಿಂಗಾಪುರದಿಂದ ಉತ್ತರ ಬಂತು. ಅಲ್ಲಿ ಇವರ ಸರಕು ಮಾರುತ್ತಿದ್ದ ಏಜೆಂಟೇ ಆ ಮಾರ್ಕನ್ನು ಮೊದಲೇ ನೋಂದಾಯಿಸಿಕೊಂಡುಬಿಟ್ಟಿದ್ದ. ಚಿತ್ರದಲ್ಲಿರುವವಳು ತನ್ನ ಮಗಳೆಂದು ಬರೆದುಕೊಟ್ಟಿದ್ದ.

"ಕೇಸ್ ಹಾಕಿದ್ರೆ ಗೆಲ್ತೀವಿ ಸಾರ್. ನಿಮ್ಮ ಮಗಳು ತೀರ್ಕೊಂಡಿದ್ದಕ್ಕೆ ಸರ್ಟಿಫಿಕೇಟ್ ಕೊಟ್ರೆ ಸಾಕು," ಎಂದೆ.

ವೆಂಕಟಪ್ಪನವರು ಆ ಉತ್ತರದ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಅವನ ಪತ್ರದಲ್ಲಿ ಅವಳು ಬದುಕಿದಾಳೆ ಅಂತ ಇದೆಯಾ?"

"ಹೌದು ಸಾರ್. ಸ್ಕೂಲಿಗೆ ಹೋಗ್ತಿದಾಳೆ ಅಂತಿದೆ."

"ಹಂಗಾದ್ರೆ ಬಿಟ್ಬಿಡಪ್ಪ. ಅಲ್ಲಾದ್ರೂ ಇರ್ಲಿ."

ಅರ್ಜಿ ಹಿಂತೆಗೆದುಕೊಳ್ಳಲು ಕಾರಣವೇನೆಂದು ಕೇಳಿದ್ದ ಜಾಗದಲ್ಲಿ 'ವೈಯಕ್ತಿಕ' ಎಂದು ಟೈಪ್ ಮಾಡಿದೆ. ವಕೀಲರು ಅದನ್ನು ಹೊಡೆದುಹಾಕಿ 'ವ್ಯಾಪಾರದ ಕಾರಣ' ಎಂದು ತಿದ್ದಿದರು.